ಕಂಪ್ಯೂಟರ್ ಜಾಲದ ಬದಲಾವಣೆ: ಯೋಜನೆ, ಒಪ್ಪಿಗೆ, ಹಿಂದಿರುಗುವ ದಾರಿ

ಕಂಪ್ಯೂಟರ್ ಜಾಲದಲ್ಲಿ ಬದಲಾವಣೆ ಎಂದರೆ ರೂಟರ್, ಸ್ವಿಚ್, ಫೈರ್‌ವಾಲ್‌ಗಳ ಕಾನ್ಫಿಗರೇಶನ್‌ನಲ್ಲಿ, ಅವುಗಳೊಳಗಿನ ಸಾಫ್ಟ್‌ವೇರ್‌ನಲ್ಲಿ, ಅವುಗಳ ನಡುವಿನ ಕೇಬಲ್‌ಗಳಲ್ಲಿ ಅಥವಾ ವಿಳಾಸಗಳ ಹಂಚಿಕೆಯಲ್ಲಿ ಮಾಡುವ ಯಾವುದೇ ತಿದ್ದುಪಡಿ. ಹೊಸ ಶಾಖೆಗೆ ಸಂಪರ್ಕ ಕೊಡುವುದೂ ಬದಲಾವಣೆ, ಫೈರ್‌ವಾಲ್‌ನಲ್ಲಿ ಒಂದು ಪೋರ್ಟ್ ತೆರೆಯುವುದೂ ಬದಲಾವಣೆ. ಗಾತ್ರದಲ್ಲಿ ಚಿಕ್ಕದಾದದ್ದು ಪರಿಣಾಮದಲ್ಲೂ ಚಿಕ್ಕದಾಗಿರಬೇಕೆಂದಿಲ್ಲ. ಹಲವು ವಿಲ್ಯಾನ್‌ಗಳನ್ನು, ಅಂದರೆ ಬೇರ್ಪಡಿಸಿದ ಉಪಜಾಲಗಳನ್ನು, ಒಟ್ಟಿಗೆ ಹೊರುವ ಸಿಸ್ಕೋ ಸ್ವಿಚ್ಚಿನ ಟ್ರಂಕ್ ಲಿಂಕ್ ಮೇಲೆ ಹೊಸದೊಂದು ವಿಲ್ಯಾನ್ ಹಾಯಿಸುವ ಕಮಾಂಡ್‌ನಲ್ಲಿ ‘ಆ್ಯಡ್’ ಎಂಬ ಒಂದು ಪದ ಬಿಟ್ಟುಹೋದರೆ ಹೊಸ ವಿಲ್ಯಾನ್ ಹಳೆಯ ಪಟ್ಟಿಗೆ ಸೇರುವುದಿಲ್ಲ. ಹಳೆಯ ಪಟ್ಟಿ ಪೂರ್ತಿ ಅಳಿದು ಹೊಸದೊಂದೇ ಉಳಿಯುತ್ತದೆ. ಆ ಲಿಂಕನ್ನು ನಂಬಿದ್ದ ಫೋನು, ಕ್ಯಾಮೆರಾ, ಬಿಲ್ಲಿಂಗ್ ಕೌಂಟರು ಎಲ್ಲವೂ ಅದೇ ಕ್ಷಣ ನಿಲ್ಲುತ್ತವೆ. ಸ್ವಿಚ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಕಮಾಂಡ್ ಸರಿಯಾಗಿಯೇ ಇದೆ.

ಜಾಲದ ಬದಲಾವಣೆಯನ್ನು ಬೇರೆ ತಂತ್ರಾಂಶ ಬದಲಾವಣೆಗಳಿಂದ ಬೇರ್ಪಡಿಸುವ ಎರಡು ಗುಣಗಳಿವೆ. ಮೊದಲನೆಯದು, ಒಂದು ರೂಟರಿಗೆ ಹೇಳಿದ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ರೂಟರುಗಳು ತಮಗೆ ತಿಳಿದ ದಾರಿಗಳನ್ನು ನೆರೆಯ ರೂಟರುಗಳಿಗೆ ಸಾರುತ್ತಲೇ ಇರುತ್ತವೆ. ಒಂದು ಕಡೆಯ ತಪ್ಪು ಊರಿನ ಗಾಳಿಸುದ್ದಿಯಂತೆ ಕ್ಷಣಗಳಲ್ಲಿ ಎಲ್ಲೆಡೆ ಹರಡಬಹುದು. ಎರಡನೆಯದು ಇನ್ನೂ ತೊಡಕಿನದು. ಬದಲಾವಣೆ ಮಾಡುವ ಎಂಜಿನಿಯರ್ ಸಾಮಾನ್ಯವಾಗಿ ಸಾಧನದ ಎದುರು ಕೂತಿರುವುದಿಲ್ಲ. ತಾನು ಬದಲಿಸುತ್ತಿರುವ ಜಾಲದ ಮೂಲಕವೇ ಆ ಸಾಧನವನ್ನು ತಲುಪಿರುತ್ತಾನೆ. ಕೂತ ಕೊಂಬೆಯನ್ನೇ ಕಡಿಯುವ ಸಾಧ್ಯತೆ ಈ ವೃತ್ತಿಯಲ್ಲಿ ದಿನನಿತ್ಯದ್ದು.

ದೊಡ್ಡ ಜಾಲಗಳು ಕೆಡುವುದು ಹೆಚ್ಚಾಗಿ ಯಂತ್ರ ಸುಟ್ಟುಹೋಗಿಯೋ ಕೇಬಲ್ ಕತ್ತರಿಸಿಯೋ ಅಲ್ಲ ಎಂಬುದು ಈಗ ದಾಖಲಾದ ಸಂಗತಿ. ಗೂಗಲ್ ಸಂಸ್ಥೆಯ ಎಂಜಿನಿಯರುಗಳು ತಮ್ಮದೇ ಜಾಲಗಳ ನೂರಕ್ಕೂ ಹೆಚ್ಚು ವೈಫಲ್ಯ ವರದಿಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಅವುಗಳಲ್ಲಿ ದೊಡ್ಡ ಪಾಲು ಸಂಭವಿಸಿದ್ದು ಜಾಲದಲ್ಲಿ ಯಾವುದೋ ನಿರ್ವಹಣಾ ಕೆಲಸ ನಡೆಯುತ್ತಿದ್ದಾಗ. ಹಾಗೆಂದು ಬದಲಾವಣೆಯನ್ನೇ ನಿಲ್ಲಿಸಲಾಗದು. ಭದ್ರತಾ ತಿದ್ದುಪಡಿ ಹಾಕದ ಫೈರ್‌ವಾಲ್, ಬೆಂಬಲ ಮುಗಿದ ಹಳೆಯ ಸ್ವಿಚ್ ಕೂಡ ಅಪಾಯವೇ. ಆ ಅಪಾಯ ತಡವಾಗಿ ಬರುತ್ತದೆ, ಅಷ್ಟೆ.

ಯೋಜನೆಯ ಮೊದಲ ಹೆಜ್ಜೆ ಈಗ ಏನಿದೆ ಎಂಬುದನ್ನು ತಿಳಿಯುವುದು. ಇದು ಕೇಳಲು ಸುಲಭ. ಆದರೆ ವರ್ಷಗಟ್ಟಲೆ ತುಂಡುತುಂಡಾಗಿ ಬೆಳೆದ ಜಾಲದ ಪೂರ್ಣ ಚಿತ್ರ ಯಾರ ಬಳಿಯೂ ಇರುವುದಿಲ್ಲ. ಗೋಡೆಗೆ ಅಂಟಿಸಿದ ನಕ್ಷೆ ಎಂದೋ ಕೆಲಸ ಬಿಟ್ಟುಹೋದ ನೌಕರನ ಕಾಲದ್ದಾಗಿರುತ್ತದೆ. ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯಲ್ಲಿ 2002ರ ನವೆಂಬರಿನಲ್ಲಿ ನಡೆದದ್ದು ಇದಕ್ಕೆ ಹಳೆಯ, ಆದರೆ ಇಂದಿಗೂ ಮಾಸದ ಉದಾಹರಣೆ. ಒಂದಕ್ಕೊಂದು ಸ್ವಿಚ್ ಸೇರಿಸುತ್ತ ಬೆಳೆದಿದ್ದ ಆ ಜಾಲ, ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆಯ ಮಿತಿಯನ್ನು ಯಾರಿಗೂ ಗೊತ್ತಾಗದಂತೆ ಮೀರಿತ್ತು. ಸ್ವಿಚ್‌ಗಳ ನಡುವೆ ದಾರಿ ವೃತ್ತಾಕಾರವಾಗಿ ಸುತ್ತದಂತೆ ನೋಡಿಕೊಳ್ಳುವುದು ಈ ವ್ಯವಸ್ಥೆಯ ಕೆಲಸ. ಅದರ ಮೂಲ ಅಳತೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ಏಳು ಸ್ವಿಚ್‌ಗಳ ಅಂತರಕ್ಕೆ ಹೊಂದಿಸಿದಂಥವು. ಸಂಶೋಧನೆಯೊಂದರ ದತ್ತಾಂಶದ ಭಾರೀ ಹರಿವು ನೆವವಾಯಿತು, ದಟ್ಟಣೆ ಸುಳಿಯಲ್ಲಿ ಸಿಕ್ಕ ನೀರಿನಂತೆ ಸುತ್ತತೊಡಗಿತು. ಸುಮಾರು ನಾಲ್ಕು ದಿನ ಆಸ್ಪತ್ರೆ ಕಾಗದದ ಚೀಟಿಗಳ ಮೇಲೆ ನಡೆಯಿತು. ಆಗಿನ ಮಾಹಿತಿ ಅಧಿಕಾರಿ ಜಾನ್ ಹಲಾಮ್ಕಾ ಈ ಘಟನೆಯನ್ನು ಬಚ್ಚಿಡದೆ ವಿವರವಾಗಿ ಹೊರಗಿಟ್ಟರು. ಬೇರೆ ಆಸ್ಪತ್ರೆಗಳು ಅದರಿಂದ ಕಲಿಯುವುದು ಸಾಧ್ಯವಾದದ್ದು ಹಾಗೆ.

ಆದ್ದರಿಂದ ಒಳ್ಳೆಯ ಯೋಜನೆ ಕಾನ್ಫಿಗರೇಶನ್ ಬ್ಯಾಕಪ್‌ನಿಂದ ಆರಂಭವಾಗುತ್ತದೆ. ಪ್ರತಿ ಸಾಧನದ ಸದ್ಯದ ಸ್ಥಿತಿಯನ್ನು ರ್‍ಯಾನ್ಸಿಡ್, ಆಕ್ಸಿಡೈಸ್ಡ್‌ನಂಥ ಉಚಿತ ಉಪಕರಣಗಳು ನಿತ್ಯ ಎತ್ತಿಟ್ಟು, ನಿನ್ನೆಗೂ ಇಂದಿಗೂ ಏನು ವ್ಯತ್ಯಾಸ ಎಂದು ತೋರಿಸುತ್ತವೆ. ಅದರ ಜೊತೆಗೆ ಬೇಕಾದದ್ದು ಜೀವಂತ ಸ್ಥಿತಿಯ ಲೆಕ್ಕ: ಎಷ್ಟು ನೆರೆಯ ರೂಟರುಗಳು ಮಾತನಾಡುತ್ತಿವೆ, ರೂಟಿಂಗ್ ಪಟ್ಟಿಯಲ್ಲಿ ಎಷ್ಟು ದಾರಿಗಳಿವೆ, ಯಾವ ಪೋರ್ಟ್‌ಗಳು ಈಗಾಗಲೇ ಸತ್ತಿವೆ. ಈ ಕೊನೆಯದನ್ನು ಬರೆದಿಟ್ಟುಕೊಳ್ಳದ ತಂಡ, ಕೆಲಸ ಮುಗಿದ ಮೇಲೆ ವಾರದ ಹಿಂದೆಯೇ ಕೆಟ್ಟಿದ್ದ ಲಿಂಕನ್ನು ತಾನೇ ಕೆಡಿಸಿದೆನೆಂದುಕೊಂಡು ರಾತ್ರಿಯೆಲ್ಲ ಹುಡುಕುವುದುಂಟು.

ನಂತರ ಕೊಡಬೇಕಾದ ಕಮಾಂಡ್‌ಗಳನ್ನು ಅಕ್ಷರಶಃ, ಕೊಡುವ ಕ್ರಮದಲ್ಲೇ ಬರೆಯಬೇಕು. ‘ರೂಟಿಂಗ್ ಸರಿಪಡಿಸುವುದು’ ಎಂದಷ್ಟೇ ಬರೆದ ಟಿಕೆಟ್ (ಬದಲಾವಣೆಯ ಕೋರಿಕೆ ಪತ್ರ) ಯೋಜನೆಯಲ್ಲ, ಆಶಯ. ಕ್ರಮಕ್ಕೇ ಪ್ರತ್ಯೇಕ ಬೆಲೆಯಿದೆ: ಹೊಸ ದಾರಿ ತೆರೆಯುವ ಮೊದಲು ಹಳೆಯದನ್ನು ಮುಚ್ಚಿದರೆ ನಡುವಿನ ಹತ್ತು ಸೆಕೆಂಡಿನಲ್ಲಿ ಸಂಪರ್ಕವೇ ಕಡಿದು ಎರಡನೆಯ ಕಮಾಂಡ್ ಕೊಡಲಾಗದೆ ಹೋಗಬಹುದು. ಅಮೆಜಾನ್ ಕ್ಲೌಡ್ ಸೇವೆಯಲ್ಲಿ 2011ರ ಏಪ್ರಿಲ್ 21ರಂದು ಇಂಥದ್ದೇ ಒಂದು ನಡುಹೆಜ್ಜೆ ತಪ್ಪಿತು. ಮುಖ್ಯ ಜಾಲದ ಸಾಮರ್ಥ್ಯ ಹೆಚ್ಚಿಸುವ ಮುನ್ನ ಒಂದು ರೂಟರಿನ ದಟ್ಟಣೆಯನ್ನು ಅದೇ ಜಾಲದ ಇನ್ನೊಂದಕ್ಕೆ ತಿರುಗಿಸಬೇಕಿತ್ತು. ಅದು ಕಡಿಮೆ ಸಾಮರ್ಥ್ಯದ ಬದಲಿ ಜಾಲದ ಕಡೆ ತಿರುಗಿತು. ಎತ್ತಿನಗಾಡಿಯ ದಾರಿಗೆ ಹೆದ್ದಾರಿಯ ಲಾರಿಗಳನ್ನೆಲ್ಲ ಬಿಟ್ಟಂತಾಗಿ, ಸಂಗ್ರಹ ವ್ಯವಸ್ಥೆ ಸುಧಾರಿಸಿಕೊಳ್ಳಲು ದಿನಗಳೇ ಹಿಡಿದವು.

ಯೋಜನೆಯಲ್ಲಿ ಅತಿ ಹೆಚ್ಚು ಉದಾಸೀನಕ್ಕೆ ಒಳಗಾಗುವ ಭಾಗ ಹಿಂದಿರುಗುವ ದಾರಿ. ಹೆಚ್ಚಿನ ಟಿಕೆಟ್‌ಗಳಲ್ಲಿ ರೋಲ್‌ಬ್ಯಾಕ್ ಎಂಬ ಅಂಕಣದಲ್ಲಿ ‘ಹಳೆಯ ಕಾನ್ಫಿಗರೇಶನ್ ಮರಳಿ ಹಾಕುವುದು’ ಎಂಬ ಒಂದೇ ಸಾಲು ಇರುತ್ತದೆ. ಅದನ್ನು ಹಾಕಲು ಎಷ್ಟು ಹೊತ್ತು, ಸಾಧನವನ್ನು ತಲುಪಲಾಗದಿದ್ದರೆ ಯಾರು ಹೋಗಬೇಕು, ಯಾವ ಹಂತ ದಾಟಿದ ಮೇಲೆ ಹಿಂದಿರುಗಲಾಗದು ಎಂಬ ಪ್ರಶ್ನೆಗಳಿಗೆ ಆ ಸಾಲಿನಲ್ಲಿ ಉತ್ತರವಿಲ್ಲ. ರಾತ್ರಿ 1ರಿಂದ 4ರವರೆಗೆ ಅನುಮತಿ ಇದ್ದು ಹಿಂದಿರುಗಲು 50 ನಿಮಿಷ ಬೇಕಾದರೆ, ನಿರ್ಧಾರದ ಗಡುವು 4 ಗಂಟೆ ಅಲ್ಲ, 3 ಗಂಟೆ 10 ನಿಮಿಷ. ಆ ಹೊತ್ತಿಗೆ ಪರೀಕ್ಷೆಗಳು ಹಸಿರು ತೋರದಿದ್ದರೆ ಚರ್ಚೆಯಿಲ್ಲದೆ ಹಿಂದಿರುಗಬೇಕು. ನಿದ್ದೆಗೆಟ್ಟ ಎಂಜಿನಿಯರಿಗೆ ‘ಇನ್ನೊಂದು ಹತ್ತು ನಿಮಿಷ ನೋಡೋಣ’ ಎನ್ನಿಸುವುದು ಸಹಜ. ಗಡುವನ್ನು ಹಗಲಿನಲ್ಲೇ ಬರೆದಿಡುವುದು ಅದಕ್ಕಾಗಿಯೇ.

ಕಾನ್ಫಿಗರೇಶನ್ ಹಿಂದಿರುಗಿದರೂ ಸೇವೆ ಹಿಂದಿರುಗುತ್ತದೆ ಎಂಬ ಖಾತ್ರಿಯಿಲ್ಲ. ಅಮೆರಿಕದ ಎಟಿ&ಟಿ ಮೊಬೈಲ್ ಜಾಲದಲ್ಲಿ 2024ರ ಫೆಬ್ರವರಿ 22ರಂದು ಜಾಲ ವಿಸ್ತರಣೆಗೆಂದು ಸೇರಿಸಿದ ಒಂದು ಘಟಕದ ತಪ್ಪು ಕಾನ್ಫಿಗರೇಶನ್‌ನಿಂದ ಇಡೀ ಜಾಲ ತನ್ನನ್ನು ತಾನೇ ರಕ್ಷಿಸಿಕೊಳ್ಳುವ ಸ್ಥಿತಿಗೆ ಹೋಗಿ ಎಲ್ಲ ಸಾಧನಗಳ ಸಂಪರ್ಕ ಕಡಿಯಿತು. ಬದಲಾವಣೆಯನ್ನು ಸುಮಾರು ಎರಡು ಗಂಟೆಯೊಳಗೆ ಹಿಂದೆಗೆದುಕೊಂಡರು. ಆದರೆ ಕೋಟ್ಯಂತರ ಫೋನುಗಳು ಒಟ್ಟಿಗೇ ಮರಳಿ ನೋಂದಾಯಿಸಿಕೊಳ್ಳಲು ಮುಗಿಬಿದ್ದು, ಸೇವೆ ಪೂರ್ತಿ ಸರಿಹೋಗಲು ಕನಿಷ್ಠ 12 ಗಂಟೆ ಬೇಕಾಯಿತು. ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗದ ವರದಿ 12.5 ಕೋಟಿಗೂ ಹೆಚ್ಚು ಸಾಧನಗಳು ತೊಂದರೆಗೊಳಗಾದವೆಂದೂ, 9.2 ಕೋಟಿಗೂ ಹೆಚ್ಚು ಕರೆಗಳು ಹೋಗಲಿಲ್ಲವೆಂದೂ, ಅವುಗಳಲ್ಲಿ 25,000ಕ್ಕೂ ಮಿಕ್ಕಿ ತುರ್ತು ಕರೆಗಳಿದ್ದವೆಂದೂ ಲೆಕ್ಕ ಕೊಟ್ಟಿದೆ. ಕಾರಣಗಳ ಪಟ್ಟಿಯಲ್ಲಿ ಎದ್ದು ಕಾಣುವುದು ಇದು: ಸಂಸ್ಥೆಯಲ್ಲಿ ಸಹೋದ್ಯೋಗಿ ಪರಿಶೀಲನೆಯ ನಿಯಮವಿತ್ತು, ಆ ಕೆಲಸಕ್ಕೆ ಆ ಪರಿಶೀಲನೆ ನಡೆದಿರಲಿಲ್ಲ.

ಹಿಂದಿರುಗುವ ದಾರಿಯ ಕುರಿತ ಪಾಠವನ್ನು ಲೋಕಕ್ಕೆಲ್ಲ ಕಾಣುವಂತೆ ಕಲಿಸಿದ್ದು 2021ರ ಅಕ್ಟೋಬರ್ 4. ಫೇಸ್‌ಬುಕ್ ಸಂಸ್ಥೆಯ ದತ್ತಾಂಶ ಕೇಂದ್ರಗಳನ್ನು ಬೆಸೆಯುವ ಬೆನ್ನೆಲುಬು ಜಾಲದಲ್ಲಿ ವಾಡಿಕೆಯ ನಿರ್ವಹಣೆ ನಡೆಯುತ್ತಿತ್ತು. ಲಭ್ಯ ಸಾಮರ್ಥ್ಯ ಎಷ್ಟಿದೆ ಎಂದು ಅಳೆಯಲು ಕೊಟ್ಟ ಕಮಾಂಡ್, ಆ ಬೆನ್ನೆಲುಬಿನ ಎಲ್ಲ ಸಂಪರ್ಕಗಳನ್ನೂ ಕೆಡವಿತು. ಇಂಥ ಕಮಾಂಡ್‌ಗಳನ್ನು ತಡೆಯಲೆಂದೇ ಒಂದು ತಪಾಸಣಾ ಉಪಕರಣವಿತ್ತು. ಅದರಲ್ಲಿದ್ದ ದೋಷದಿಂದ ಅದು ತಡೆಯಲಿಲ್ಲ. ಮುಂದಿನದು ಸರಪಳಿ. ತಾಣದ ಹೆಸರನ್ನು ಐಪಿ ವಿಳಾಸಕ್ಕೆ ಬಿಡಿಸಿಕೊಡುವ ಸಂಸ್ಥೆಯ ಡಿಎನ್‌ಎಸ್ ಸರ್ವರ್‌ಗಳು ದತ್ತಾಂಶ ಕೇಂದ್ರವನ್ನು ತಲುಪಲಾಗದಿದ್ದರೆ ತಮ್ಮ ಸಂಪರ್ಕವೇ ಕೆಟ್ಟಿದೆಯೆಂದು ತಿಳಿದು, ತಮಗೆ ಬರುವ ದಾರಿಯ ಬಿಜಿಪಿ (ಜಾಲಗಳು ಪರಸ್ಪರ ದಾರಿಗಳನ್ನು ಸಾರುವ ವಿಧಾನ) ಘೋಷಣೆಯನ್ನು ಹಿಂತೆಗೆದುಕೊಳ್ಳುವಂತೆ ರಚಿತವಾಗಿದ್ದವು. ಒಂದೆರಡು ಸರ್ವರ್ ಕೆಟ್ಟಾಗ ಇದು ಜಾಣ ಏರ್ಪಾಡು. ಎಲ್ಲವೂ ಒಟ್ಟಿಗೆ ಹಾಗೆ ಮಾಡಿದಾಗ ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಎಂಬ ಹೆಸರುಗಳೇ ಇಂಟರ್‌ನೆಟ್‌ನಿಂದ ಮಾಯವಾದವು. ದುರಸ್ತಿಗೆ ಬೇಕಾದ ಒಳಗಿನ ಉಪಕರಣಗಳೂ ಅದೇ ಡಿಎನ್‌ಎಸ್ ಅನ್ನು ನಂಬಿದ್ದವು, ಪ್ರತ್ಯೇಕವಾಗಿ ಇಟ್ಟಿದ್ದ ನಿರ್ವಹಣಾ ಜಾಲವೂ ಬಿದ್ದಿತ್ತು. ಎಂಜಿನಿಯರುಗಳು ದತ್ತಾಂಶ ಕೇಂದ್ರಗಳಿಗೆ ಖುದ್ದಾಗಿ ಹೋಗಬೇಕಾಯಿತು. ಒಳನುಗ್ಗುವವರನ್ನು ತಡೆಯಲೆಂದು ಬಿಗಿಗೊಳಿಸಿದ್ದ ಬಾಗಿಲುಗಳು ಅವರನ್ನೂ ತಡೆದವು. ಸುಮಾರು ಆರು ಗಂಟೆ ಹೀಗೆ ಹೋಯಿತು.

ಇದರಿಂದ ಹೊರಡುವ ನಿಯಮ ಹೇಳಲು ಒಂದು ಸಾಲು ಸಾಕು, ಜಾರಿಗೆ ದುಡ್ಡು ಬೇಕು: ಸಾಧನವನ್ನು ತಲುಪುವ ಎರಡನೆಯ ದಾರಿ ಮೊದಲನೆಯದರ ಮೇಲೆ ಯಾವ ರೀತಿಯಲ್ಲೂ ಅವಲಂಬಿತವಾಗಿರಬಾರದು. ಔಟ್ ಆಫ್ ಬ್ಯಾಂಡ್ ಎಂದು ಕರೆಯುವ ಈ ದಾರಿ ಬೇರೆ ಕಂಪನಿಯ ಮೊಬೈಲ್ ಸಿಮ್ ಹಾಕಿದ ಕನ್ಸೋಲ್ ಸರ್ವರ್ ಆಗಿರಬಹುದು, ಬೇರೆ ಬ್ರಾಡ್‌ಬ್ಯಾಂಡ್ ಲೈನ್ ಆಗಿರಬಹುದು. ಅದರ ಪಾಸ್‌ವರ್ಡ್ ಪರಿಶೀಲಿಸುವ ಸರ್ವರ್ ಮುಖ್ಯ ಜಾಲದಲ್ಲೇ ಇದ್ದರೆ ಆ ದಾರಿ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಬದಲಾವಣೆಯ ಹಿಂದಿನ ದಿನ ಅದರ ಮೂಲಕ ಒಮ್ಮೆ ಲಾಗಿನ್ ಆಗಿ ನೋಡುವುದು ಅಗ್ಗದ ವಿಮೆ.

ಇನ್ನು ಒಪ್ಪಿಗೆಯ ವಿಚಾರ. ಬ್ರಿಟಿಷ್ ಸರ್ಕಾರದ ಒಂದು ಸಂಸ್ಥೆ 1980ರ ದಶಕದಲ್ಲಿ ರೂಪಿಸತೊಡಗಿದ ಐಟಿಐಎಲ್ ಎಂಬ ಮಾರ್ಗಸೂಚಿ ಇಂದು ಅನೇಕ ಸಂಸ್ಥೆಗಳ ಬಳಕೆಯಲ್ಲಿದೆ. ಅದು ಬದಲಾವಣೆಗಳನ್ನು ಮೂರಾಗಿ ವಿಂಗಡಿಸುತ್ತದೆ. ಮತ್ತೆ ಮತ್ತೆ ಮಾಡಿ ಪಳಗಿದ, ಅಪಾಯ ತಿಳಿದಿರುವ ಕೆಲಸ ‘ಸ್ಟ್ಯಾಂಡರ್ಡ್’. ಇದಕ್ಕೆ ಮುಂಗಡ ಒಪ್ಪಿಗೆ ಇರುತ್ತದೆ. ಪರಿಶೀಲನೆ ಬೇಕಾದದ್ದು ‘ನಾರ್ಮಲ್’. ಜಾಲ ಈಗಾಗಲೇ ಬಿದ್ದಿರುವಾಗಲೋ ದಾಳಿ ನಡೆಯುತ್ತಿರುವಾಗಲೋ ಮಾಡುವುದು ‘ಎಮರ್ಜೆನ್ಸಿ’. ನಡುವಿನ ವರ್ಗವನ್ನು ಪರಿಶೀಲಿಸುವ ಮಂಡಳಿಗೆ ಚೇಂಜ್ ಅಡ್ವೈಸರಿ ಬೋರ್ಡ್, ಚಿಕ್ಕದಾಗಿ ಕ್ಯಾಬ್, ಎಂದು ಹೆಸರು. ಕಚೇರಿಗಳಲ್ಲಿ ‘ಕ್ಯಾಬ್ ಅಪ್ರೂವಲ್ ಆಯ್ತಾ’ ಎಂಬ ಪ್ರಶ್ನೆ ಕೇಳಿದರೆ ಅದು ಟ್ಯಾಕ್ಸಿಯ ಮಾತಲ್ಲ.

ಕ್ಯಾಬ್ ಬಗ್ಗೆ ಅಭಿಪ್ರಾಯಗಳು ಎರಡು ಧ್ರುವಗಳಲ್ಲಿವೆ. ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಸಂಗಡಿಗರು ತಂತ್ರಾಂಶ ತಂಡಗಳ ಸಮೀಕ್ಷೆಗಳನ್ನು ಆಧರಿಸಿ 2018ರಲ್ಲಿ ಪ್ರಕಟಿಸಿದ ‘ಆಕ್ಸಿಲರೇಟ್’ ಪುಸ್ತಕ, ತಂಡದ ಹೊರಗಿನ ಮಂಡಳಿಯ ಒಪ್ಪಿಗೆ ಕೆಲಸವನ್ನು ನಿಧಾನಗೊಳಿಸುತ್ತದೆಯೇ ಹೊರತು ವಿಫಲ ಬದಲಾವಣೆಗಳ ಪ್ರಮಾಣವನ್ನು ತಗ್ಗಿಸಿದ್ದು ಕಾಣಲಿಲ್ಲ ಎಂದಿತು. ಅದೇ ತಂಡದ ಇನ್ನೊಬ್ಬರು ಓದಿ ಒಪ್ಪುವ ಪದ್ಧತಿಯ ಪರ ನಿಂತಿತು. ಅಧ್ಯಯನ ನಡೆದದ್ದು ತಂತ್ರಾಂಶ ಬಿಡುಗಡೆಯ ಮೇಲೆ. ನಿಮಿಷದಲ್ಲಿ ಹಿಂತೆಗೆದುಕೊಳ್ಳಬಹುದಾದ ವೆಬ್ ಪುಟದ ತೀರ್ಮಾನವನ್ನು ಇಡೀ ದೇಶದ ತುರ್ತು ಕರೆ ಹೊರುವ ರೂಟರಿಗೆ ಹಾಗೆಯೇ ಹಚ್ಚುವುದು ಸರಿಯಲ್ಲ. ಆದರೂ ಟೀಕೆಯ ತಿರುಳು ಜಾಲಕ್ಕೂ ಹೊಂದುತ್ತದೆ. ಒಂದು ಗಂಟೆಯ ಸಭೆಯಲ್ಲಿ ನಲವತ್ತು ಟಿಕೆಟ್ ದಾಟಿಸುವ ಮಂಡಳಿ ಯಾವುದನ್ನೂ ಓದಿರುವುದಿಲ್ಲ. ಅಂಥ ಮಂಡಳಿಯಿಂದ ನಿಜವಾಗಿ ಆಗುವ ಉಪಕಾರ ಬೇರೆಯದು: ಅದೇ ರಾತ್ರಿ ವಿದ್ಯುತ್ ವಿಭಾಗ ಯುಪಿಎಸ್ ಬದಲಿಸುತ್ತಿದೆ, ಲೆಕ್ಕಪತ್ರ ವಿಭಾಗ ತಿಂಗಳ ಕೊನೆಯ ಸಂಬಳ ಹಾಕುತ್ತಿದೆ ಎಂಬ ಡಿಕ್ಕಿಗಳು ಅಲ್ಲಿ ಕಣ್ಣಿಗೆ ಬೀಳುತ್ತವೆ. ಕಮಾಂಡ್‌ಗಳ ಸರಿ ತಪ್ಪು ನೋಡಬೇಕಾದವರು ಆ ರೂಟರನ್ನು ಬಲ್ಲ ಇನ್ನೊಬ್ಬ ಎಂಜಿನಿಯರ್. ಹೊತ್ತು ಗೊತ್ತು ನೋಡಬೇಕಾದದ್ದು ಮಂಡಳಿ. ಎರಡನ್ನೂ ಒಂದೇ ಸಹಿಯಲ್ಲಿ ಬೆರೆಸಿದರೆ ಇಬ್ಬರೂ ಇನ್ನೊಬ್ಬರು ನೋಡಿರುತ್ತಾರೆಂದು ನಂಬಿ ಕೂರುತ್ತಾರೆ.

ಅಪಾಯದ ಶ್ರೇಣಿಯನ್ನು ಯಾವ ಆಧಾರದ ಮೇಲೆ ಕಟ್ಟುತ್ತಾರೆ ಎಂಬುದು ಒಪ್ಪಿಗೆಯ ಹೃದಯ. ಕೆನಡಾದ ರೋಜರ್ಸ್ ಕಂಪನಿಯ ಪ್ರಕರಣ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಅದರ ಮೂಲ ಐಪಿ ಜಾಲವನ್ನು ಏಳು ಹಂತಗಳಲ್ಲಿ ಮೇಲ್ದರ್ಜೆಗೇರಿಸುವ ಕೆಲಸ ನಡೆದಿತ್ತು. ಇಡೀ ಕೆಲಸವನ್ನು ಮೊದಲು ಅತಿ ಅಪಾಯದ್ದೆಂದು ಗುರುತಿಸಿದ್ದರು. ಹಿಂದಿನ ಹಂತಗಳು ಸುಸೂತ್ರವಾಗಿ ಮುಗಿದ ಕಾರಣಕ್ಕೆ ಕಂಪನಿಯ ಲೆಕ್ಕಾಚಾರದ ವ್ಯವಸ್ಥೆ ಆರನೆಯ ಹಂತವನ್ನು ‘ಕಡಿಮೆ ಅಪಾಯ’ಕ್ಕೆ ಇಳಿಸಿತು, ಹಾಗಾಗಿ ಮೇಲಿನ ಮಟ್ಟದ ಪರಿಶೀಲನೆ ಅದಕ್ಕೆ ಸಿಗಲಿಲ್ಲ. 2022ರ ಜುಲೈ 8ರ ಬೆಳಗಿನ ಜಾವ ವಿತರಣಾ ರೂಟರುಗಳಿಂದ ಒಂದು ಸೋಸುವ ನಿಯಮವನ್ನು ತೆಗೆದುಹಾಕಿದರು. ತಡೆಯಿಲ್ಲದೆ ನುಗ್ಗಿದ ರೂಟಿಂಗ್ ಮಾಹಿತಿಯ ಭಾರಕ್ಕೆ ಮೂಲ ರೂಟರುಗಳು ಕುಸಿದವು. ಅಷ್ಟು ಭಾರ ಬಂದರೆ ನಿರಾಕರಿಸುವ ಮಿತಿಯನ್ನು ಅವುಗಳಲ್ಲಿ ಇಟ್ಟಿರಲಿಲ್ಲ. 1.2 ಕೋಟಿಗೂ ಹೆಚ್ಚು ಗ್ರಾಹಕರ ಫೋನು, ಇಂಟರ್‌ನೆಟ್ ನಿಂತವು, ಇಂಟರಾಕ್ ಪಾವತಿ ವ್ಯವಸ್ಥೆ ಕೆಲಸ ಮಾಡದೆ ಅಂಗಡಿಗಳು ನಗದು ಕೇಳಿದವು. ನಿರ್ವಹಣಾ ಜಾಲವೂ ಅದೇ ಮೂಲ ಜಾಲದ ಮೇಲೆ ಓಡುತ್ತಿದ್ದುದರಿಂದ ಎಂಜಿನಿಯರುಗಳಿಗೆ ದೋಷದ ಲಾಗ್‌ಗಳು ಬಹಳ ಹೊತ್ತು ಸಿಗಲಿಲ್ಲ. ಸಿಬ್ಬಂದಿಯ ಫೋನುಗಳಲ್ಲೂ ಅದೇ ಕಂಪನಿಯ ಸಿಮ್. ಐದು ಬಾರಿ ಗೆದ್ದದ್ದು ಆರನೆಯ ಹೆಜ್ಜೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಆರನೆಯದು ಬೇರೆಯೇ ಕೆಲಸವಾಗಿದ್ದಾಗ. ಶ್ರೇಣಿ ಕಟ್ಟುವವರು ‘ಇದು ತಪ್ಪುವ ಸಂಭವ ಎಷ್ಟು’ ಎಂಬ ಊಹೆಗಿಂತ ‘ತಪ್ಪಿದರೆ ಎಷ್ಟು ಜನ, ಎಷ್ಟು ಹೊತ್ತು’ ಎಂಬ ಲೆಕ್ಕಕ್ಕೆ ತೂಕ ಕೊಡಬೇಕೆನ್ನುವುದು ಈ ಕಾರಣಕ್ಕೆ.

ಮುಂಚಿತ ಪರೀಕ್ಷೆಯ ಸಾಧನಗಳು ಕಳೆದ ದಶಕದಲ್ಲಿ ಬಹಳ ಬೆಳೆದಿವೆ. ಬ್ಯಾಟ್‌ಫಿಶ್ ಎಂಬ ಮುಕ್ತ ತಂತ್ರಾಂಶ, ಕಾನ್ಫಿಗರೇಶನ್ ಕಡತಗಳನ್ನಷ್ಟೇ ಓದಿ ಈ ಬದಲಾವಣೆಯ ನಂತರ ಯಾವ ವಿಳಾಸದಿಂದ ಯಾವುದಕ್ಕೆ ದಾರಿ ಇರುತ್ತದೆ, ಯಾವುದಕ್ಕೆ ಇರುವುದಿಲ್ಲ ಎಂದು ಲೆಕ್ಕ ಹಾಕುತ್ತದೆ. ಮೈಕ್ರೋಸಾಫ್ಟ್ 2017ರಲ್ಲಿ ವಿವರಿಸಿದ ಕ್ರಿಸ್ಟಲ್‌ನೆಟ್, ತಯಾರಕರ ನಿಜವಾದ ರೂಟರ್ ಸಾಫ್ಟ್‌ವೇರ್‌ಗಳನ್ನೇ ಕ್ಲೌಡ್‌ನಲ್ಲಿ ಓಡಿಸಿ ಇಡೀ ಜಾಲದ ಪಡಿಯಚ್ಚು ನಿಲ್ಲಿಸುತ್ತದೆ. ಇಷ್ಟಿದ್ದೂ 2023ರ ಜನವರಿ 25ರಂದು ಅದೇ ಮೈಕ್ರೋಸಾಫ್ಟಿನ ವಿಶಾಲ ಜಾಲ ಎಡವಿತು: ಒಂದು ರೂಟರಿನ ಐಪಿ ವಿಳಾಸ ಬದಲಿಸುವಾಗ ಕೊಟ್ಟ ಕಮಾಂಡ್ ಬೇರೆ ಬೇರೆ ಸಾಧನಗಳಲ್ಲಿ ಬೇರೆ ಬೇರೆಯಾಗಿ ವರ್ತಿಸುವಂಥದ್ದಾಗಿತ್ತು, ಅದನ್ನು ಕೊಟ್ಟ ಸಾಧನದ ಮೇಲೆ ಪೂರ್ಣವಾಗಿ ಪರೀಕ್ಷಿಸಿರಲಿಲ್ಲ. ಉಳಿದ ರೂಟರುಗಳೆಲ್ಲ ತಮ್ಮ ದಾರಿಗಳನ್ನು ಮರುಲೆಕ್ಕ ಹಾಕತೊಡಗಿದವು, ಆ ಹೊತ್ತಿನಲ್ಲಿ ಪ್ಯಾಕೆಟ್‌ಗಳು ಮುಂದೆ ಹೋಗಲಿಲ್ಲ. ಸಣ್ಣ ಸಂಸ್ಥೆಗಳಿಗೆ ಇಂಥ ಪಡಿಯಚ್ಚು ಕೈಗೆಟುಕದಿದ್ದರೂ, ಅದೇ ಮಾದರಿಯ ಹಳೆಯ ಸ್ವಿಚ್ಚೊಂದನ್ನು ಮೇಜಿನ ಮೇಲಿಟ್ಟು ಕಮಾಂಡ್ ಓಡಿಸಿ ನೋಡುವುದು ಸಾಧ್ಯ.

ಹಂತಹಂತವಾಗಿ ಹರಡುವುದು ಪರೀಕ್ಷೆಯ ಮುಂದುವರಿದ ಭಾಗ. ಕ್ಲೌಡ್‌ಫ್ಲೇರ್ ಕಂಪನಿಯ ಎರಡು ಘಟನೆಗಳನ್ನು ಜೋಡಿಯಾಗಿ ನೋಡಿದರೆ ಇದರ ಒಳಸುಳಿ ತಿಳಿಯುತ್ತದೆ. 2019ರ ಜುಲೈ 2ರಂದು ಹೊಸ ಫೈರ್‌ವಾಲ್ ನಿಯಮವೊಂದನ್ನು ಏನನ್ನೂ ತಡೆಯದ ಪ್ರಯೋಗ ಸ್ಥಿತಿಯಲ್ಲಿ, ಆದರೆ ಲೋಕದಾದ್ಯಂತ ಒಂದೇ ಏಟಿಗೆ, ಬಿಟ್ಟರು. ಅದರೊಳಗಿನ, ಅಕ್ಷರವಿನ್ಯಾಸ ಗುರುತಿಸುವ ಒಂದು ಸೂತ್ರ (ರೆಗ್ಯುಲರ್ ಎಕ್ಸ್‌ಪ್ರೆಶನ್) ಪ್ರೊಸೆಸರುಗಳನ್ನೆಲ್ಲ ತಿಂದುಹಾಕಿ 27 ನಿಮಿಷ ಸೇವೆ ನಿಂತಿತು. ದಾಳಿಗಳಿಗೆ ತಕ್ಷಣ ಉತ್ತರಿಸಬೇಕೆಂದು ಫೈರ್‌ವಾಲ್ ನಿಯಮಗಳಿಗೆ ಕೊಟ್ಟಿದ್ದ ಅವಸರದ ದಾರಿಯಲ್ಲಿ ಅವಸರವಿಲ್ಲದ ಕೆಲಸವೂ ಹೋಗಿತ್ತು. 2022ರ ಜೂನ್ 21ರ ಬದಲಾವಣೆಯಾದರೋ ಹಂತಹಂತವಾಗಿಯೇ ಹೊರಟಿತ್ತು. ಮೊದಲ ಕೇಂದ್ರಗಳಲ್ಲಿ ಏನೂ ಆಗಲಿಲ್ಲ, ಏಕೆಂದರೆ ಅವು ಹಳೆಯ ರಚನೆಯವು. ಹೊಸ ರಚನೆಯ 19 ಕೇಂದ್ರಗಳಿಗೆ ತಲುಪಿದಾಗ ಮಾತ್ರ ದಾರಿಗಳ ಘೋಷಣೆ ನಿಂತುಹೋಯಿತು, ಆ 19 ಕೇಂದ್ರಗಳೇ ಕಂಪನಿಯ ಒಟ್ಟು ಕೋರಿಕೆಗಳಲ್ಲಿ ಸುಮಾರು ಅರ್ಧವನ್ನು ನಿಭಾಯಿಸುತ್ತಿದ್ದವು. ಮೊದಲ ಹಂತಕ್ಕೆ ಆರಿಸುವ ತಾಣ ಚಿಕ್ಕದಾಗಿದ್ದರೆ ಸಾಲದು, ಉಳಿದವುಗಳ ಜಾತಿಯದ್ದೇ ಆಗಿರಬೇಕು. ದುರಸ್ತಿಯ ವೇಳೆಯಲ್ಲೂ ಒಂದು ಎಡವಟ್ಟಾಯಿತು: ಒಬ್ಬ ಎಂಜಿನಿಯರ್ ಸರಿಪಡಿಸಿದ್ದನ್ನು ಇನ್ನೊಬ್ಬರ ತಿದ್ದುಪಡಿ ಅಳಿಸಿ, ತೊಂದರೆ ಮರುಕಳಿಸುತ್ತಿತ್ತು. ಕೈ ಇಡುವವರು ಒಬ್ಬರೇ, ನೋಡುವವರು ಇನ್ನೊಬ್ಬರು ಎಂಬ ಹಳೆಯ ಕಟ್ಟಳೆ ದುರಸ್ತಿಗೂ ಅನ್ವಯಿಸುತ್ತದೆ.

ಬದಲಾವಣೆಗೆ ಸಾಮಾನ್ಯವಾಗಿ ಆರಿಸುವ ಹೊತ್ತು ಬಳಕೆದಾರರು ಮಲಗಿರುವ ವೇಳೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ 2 ಗಂಟೆಯಾದಾಗ ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ 11.30, ಚಳಿಗಾಲದಲ್ಲಿ ಮಧ್ಯಾಹ್ನ 12.30. ಅಲ್ಲಿನ ಜಾಲಗಳನ್ನು ಇಲ್ಲಿಂದ ನೋಡಿಕೊಳ್ಳುವ ತಂಡಗಳಿಗೆ ಇದೊಂದು ಅನುಕೂಲ: ಕೆಲಸ ಮಾಡುವವರ ಕಣ್ಣು ಎಚ್ಚರವಾಗಿರುತ್ತದೆ. ಅದರ ಜೊತೆಗೇ ಒಂದು ಅನಾನುಕೂಲ: ಕೇಬಲ್ ಎಳೆದು ನೋಡಬಲ್ಲವರು ಅಲ್ಲಿ ನಿದ್ದೆಯಲ್ಲಿರುತ್ತಾರೆ. ಹಬ್ಬದ ಮಾರಾಟ, ಹಣಕಾಸು ವರ್ಷದ ಕೊನೆ, ಪರೀಕ್ಷಾ ಫಲಿತಾಂಶದ ದಿನಗಳಲ್ಲಿ ಬದಲಾವಣೆಗೆ ಪೂರ್ತಿ ತಡೆ ಹಾಕುವುದೂ ರೂಢಿ. ತಡೆ ತೆರವಾದ ಮೊದಲ ವಾರಕ್ಕೆ ಎಲ್ಲ ಟಿಕೆಟ್‌ಗಳೂ ಒಟ್ಟಿಗೆ ಬಂದು ಬೀಳುವುದನ್ನು ಯೋಜಕರು ಮರೆಯುತ್ತಾರೆ.

ಕಾರ್ಯರೂಪದ ಹೊತ್ತಿನಲ್ಲಿ ನೆರವಾಗುವ ಒಂದು ಸರಳ ಉಪಾಯ ತಾನಾಗಿ ಹಿಂದಿರುಗುವ ಗಡಿಯಾರ. ಜೂನಿಪರ್ ರೂಟರುಗಳಲ್ಲಿ ‘ಕಮಿಟ್ ಕನ್‌ಫರ್ಮ್ಡ್’ ಎಂದು ಕೊಟ್ಟರೆ, ಬೇರೆ ಅವಧಿ ಹೇಳದಿದ್ದ ಪಕ್ಷದಲ್ಲಿ 10 ನಿಮಿಷದೊಳಗೆ ಮತ್ತೊಮ್ಮೆ ದೃಢೀಕರಿಸದಿದ್ದರೆ ಹಳೆಯ ಕಾನ್ಫಿಗರೇಶನ್ ತಾನಾಗಿ ಮರಳುತ್ತದೆ. ಸಂಪರ್ಕ ಕಡಿದುಕೊಂಡ ಎಂಜಿನಿಯರ್ ದೃಢೀಕರಿಸಲಾರ. ಅವನ ಮೌನವೇ ರೂಟರಿಗೆ ಸೂಚನೆ. ಹಳೆಯ ಸಿಸ್ಕೋ ಸಾಧನಗಳಲ್ಲಿ ಇದೇ ಉದ್ದೇಶಕ್ಕೆ ಕೆಲಸ ಶುರುವಿಗೆ ಮುನ್ನ ‘ರೀಲೋಡ್ ಇನ್’ ಎಂದು ಸಮಯ ಕೊಡುವ ಅಭ್ಯಾಸವಿದೆ: ಕೈತಪ್ಪಿದರೆ ಸಾಧನ ಮತ್ತೆ ಚಾಲೂ ಆಗಿ ಮೊದಲು ಉಳಿಸಿದ್ದ ಸ್ಥಿತಿಗೆ ಬರುತ್ತದೆ, ನಡುವೆ ಯಾರೂ ಸೇವ್ ಮಾಡಿರಬಾರದು ಅಷ್ಟೆ. ಎಲ್ಲ ಸರಿಯಾದ ಮೇಲೆ ಆ ರೀಲೋಡನ್ನು ರದ್ದುಮಾಡಲು ಮರೆತು, ಸರಿಯಾಗಿದ್ದ ಜಾಲವನ್ನು ತಾವೇ ಬೀಳಿಸಿದವರೂ ಇದ್ದಾರೆ.

ಎಷ್ಟು ಯೋಜಿಸಿದರೂ ಬೇರೆಯವರ ಬದಲಾವಣೆ ತನ್ನ ಜಾಲಕ್ಕೆ ತಟ್ಟುವುದನ್ನು ತಪ್ಪಿಸಲಾಗದು. ಆಸ್ಟ್ರೇಲಿಯಾದ ಆಪ್ಟಸ್ ಕಂಪನಿಗೆ 2023ರ ನವೆಂಬರ್ 8ರಂದು ಆದದ್ದು ಇದೇ. ಅಂತರರಾಷ್ಟ್ರೀಯ ಜೋಡಣಾ ಜಾಲವೊಂದರಲ್ಲಿ ನಡೆದ ವಾಡಿಕೆಯ ಸಾಫ್ಟ್‌ವೇರ್ ಮೇಲ್ದರ್ಜೆಯ ಬಳಿಕ ಬಂದ ರೂಟಿಂಗ್ ಮಾಹಿತಿ ಅಳತೆ ಮೀರಿತ್ತು. ಆಪ್ಟಸ್‌ನ ಸುಮಾರು 90 ರೂಟರುಗಳು ಮೊದಲೇ ಇದ್ದ ಸುರಕ್ಷಾ ಮಿತಿ ಮುಟ್ಟಿ ತಮ್ಮನ್ನು ಜಾಲದಿಂದ ಬೇರ್ಪಡಿಸಿಕೊಂಡವು. ಸುಮಾರು 1 ಕೋಟಿ ಗ್ರಾಹಕರು ತೊಂದರೆಗೊಳಗಾದರು. ಹನ್ನೆರಡು ದಿನಗಳ ನಂತರ ಮುಖ್ಯಾಧಿಕಾರಿ ಕೆಲ್ಲಿ ಬೇಯರ್ ರೋಸ್‌ಮರಿನ್ ರಾಜೀನಾಮೆ ಕೊಟ್ಟರು. ರೋಜರ್ಸ್‌ನಲ್ಲಿ ಮಿತಿ ಇಲ್ಲದೆ ರೂಟರುಗಳು ಕುಸಿದಿದ್ದವು, ಇಲ್ಲಿ ಮಿತಿ ಇದ್ದೇ ಕಳಚಿಕೊಂಡವು. ಮಿತಿ ಎಷ್ಟು, ಮುಟ್ಟಿದಾಗ ಸಾಧನ ಏನು ಮಾಡಬೇಕು ಎಂಬುದನ್ನು ತಯಾರಕರು ಇಟ್ಟು ಕಳಿಸಿದಂತೆಯೇ ಬಿಡದೆ ಜಾಲದ ಒಡೆಯರೇ ನಿರ್ಧರಿಸಬೇಕಾಗುತ್ತದೆ.

ಬದಲಾವಣೆಯ ನಂತರದ ಕೆಲಸಕ್ಕೆ ಯೋಜನೆಯಲ್ಲಿ ಸಮಯವನ್ನೇ ಇಡದಿರುವುದು ಸಾಮಾನ್ಯ ಲೋಪ. ಮೊದಲು ಎಣಿಸಿದ್ದ ನೆರೆರೂಟರು, ದಾರಿ, ಪೋರ್ಟ್‌ಗಳ ಸಂಖ್ಯೆಯನ್ನು ಮತ್ತೆ ಎಣಿಸಿ ಹೋಲಿಸಬೇಕು. ಪಿಂಗ್ ಉತ್ತರ ಕೊಟ್ಟರೆ ಸಾಲದು, ಬಿಲ್ಲಿಂಗ್ ಕೌಂಟರಿನವರು ಒಂದು ನಿಜವಾದ ಬಿಲ್ ತೆಗೆದು ನೋಡಬೇಕು. ಬೆಳಗ್ಗೆ ಜನ ಬಂದು ಭಾರ ಬಿದ್ದಾಗ ಮಾತ್ರ ಹೊರಬೀಳುವ ದೋಷಗಳಿರುವುದರಿಂದ ರಾತ್ರಿ ಕೆಲಸ ಮಾಡಿದವರಲ್ಲಿ ಒಬ್ಬರು ಬೆಳಗಿನ ಪಾಳಿಗೆ ಸಿಗುವಂತಿರಬೇಕು. ಭಾರತದಲ್ಲಿ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ, ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳುವುದನ್ನೂ ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸುವುದನ್ನೂ ಕಡ್ಡಾಯ ಮಾಡಿದೆ. ಅದರ ಉದ್ದೇಶ ಸೈಬರ್ ಭದ್ರತೆ. ಆದರೂ ಯಾವ ಕಮಾಂಡ್ ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಸೆಕೆಂಡಿನ ಮೇಲೆ ಮೊದಲ ಲಿಂಕ್ ಬಿದ್ದಿತು ಎಂದು ಜೋಡಿಸಿ ನೋಡುವವರಿಗೆ ಎಲ್ಲ ಸಾಧನಗಳೂ ಒಂದೇ ಗಡಿಯಾರ ನೋಡಿದ್ದರೆ ಅರ್ಧ ಕೆಲಸ ಮುಗಿದಂತೆ. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಮಾಹಿತಿ ತಂತ್ರಜ್ಞಾನ ಆಡಳಿತದ ನಿರ್ದೇಶನ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಬದಲಾವಣೆ ಮತ್ತು ಪ್ಯಾಚ್ ನಿರ್ವಹಣೆಯನ್ನು ಒಳಗೊಂಡಿದೆ. ಟಿಕೆಟ್ ಮುಚ್ಚುವ ಮುನ್ನ ಉಳಿಯುವವು ಸಣ್ಣ ಬಾಕಿಗಳು: ನಕ್ಷೆ ತಿದ್ದುವುದು, ಹೊಸ ಕಾನ್ಫಿಗರೇಶನ್ ಬ್ಯಾಕಪ್ ಎತ್ತಿಡುವುದು, ಪರೀಕ್ಷೆಗೆಂದು ಫೈರ್‌ವಾಲ್‌ನಲ್ಲಿ ತೆರೆದಿದ್ದ ತಾತ್ಕಾಲಿಕ ನಿಯಮವನ್ನು ಅಳಿಸುವುದು.